ಏಣಿಯಿಂದ ಬಿದ್ದವರ ಕುತ್ತಿಗೆ

ಕಬಿನಿ ದಡದ ಮರಕ್ಕಡವಿನಲ್ಲಾಗಲಿ, ಆಚೆ ದಡದ ಬೈರಕುಪ್ಪೆಯಲ್ಲಾಗಲಿ, ಮೆಣಸು ಕೊಯ್ಯಲು ನಾವು ಏಣಿ ಹತ್ತಲೇಬೇಕು. ಬಿದ್ದು ಕುತ್ತಿಗೆ ನೊಂದರೆ ಎಣ್ಣೆ ತಿಕ್ಕಿ, ನೆಟಿಗೆ ತೆಗೆಸಿ ಸುಮ್ಮನಾಗುತ್ತೇವೆ. ಇದು ಅಪಾಯಕಾರಿ.

ಬಿದ್ದವರನ್ನು ಎತ್ತಿ ಕೂರಿಸಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ.

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಅವುಗಳ ನಡುವಿನ ಮೆತ್ತೆಯೇ ಡಿಸ್ಕ್. ಅದು ಜರುಗಿ ನರವನ್ನು ಒತ್ತಿದರೆ ತೋಳು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಡಿಸ್ಕ್ ಎಂದೊಡನೆ ಆಪರೇಷನ್ ಎಂದು ಹೆದರಬೇಕಿಲ್ಲ. ಮೂಳೆ ಮುರಿಯದಿದ್ದರೆ ಹೆಚ್ಚಿನವರಿಗೆ ಔಷಧಿ ಮತ್ತು ವೈದ್ಯರು ಹೇಳಿದ ವ್ಯಾಯಾಮದಿಂದ 6ರಿಂದ 12 ವಾರಗಳಲ್ಲಿ ಗುಣ ಕಾಣುತ್ತದೆ.

ಆದರೆ ಕೈಯ ಹಿಡಿತ ಸಡಿಲವಾದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರದ ಹತೋಟಿ ತಪ್ಪಿದರೆ ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿರಬಹುದು. ಆಗ ಆಪರೇಷನ್ ಬೇಕೆಂದು ವೈದ್ಯರು ಹೇಳಿದರೆ ಕೊಯ್ಲು ಮುಗಿಯಲೆಂದು ಕಾಯಬಾರದು. ಕಳೆದುಹೋದ ಶಕ್ತಿ ಪೂರ್ತಿ ಮರಳದೇ ಹೋಗಬಹುದು. ಆಪರೇಷನ್ ಆದವರು ವೈದ್ಯರು ಒಪ್ಪುವ ತನಕ ತಲೆಹೊರೆ ಹೊರಬಾರದು, ಏಣಿ ಹತ್ತಬಾರದು.

ಮೆಣಸು ಬಳ್ಳಿಯಲ್ಲೇ ಉದುರೀತೆಂಬ ಚಿಂತೆಯಿಂದಲೇ ಎಷ್ಟೋ ಜನ ಆಸ್ಪತ್ರೆಗೆ ಹೋಗುವುದಿಲ್ಲ. ಅಂಥವರ ಮೆಣಸನ್ನು ನೆರೆಹೊರೆಯ ನಾವೆಲ್ಲ ಸೇರಿ ಕೊಯ್ದುಕೊಡೋಣ. ಅದೂ ಒಂದು ಪ್ರಾರ್ಥನೆಯೇ.