ಕಳವಳದ ರಸ, ಮೀನಿನ ರೂಪಾಂತರ

ಕೆರಿಬಿಯನ್ ಸಮುದ್ರದ ಹವಳದ ದಿಬ್ಬಗಳ ಮೇಲೆ, ಗೇಣುದ್ದವನ್ನು ಸಾಧಾರಣವಾಗಿ ಮೀರದ, ರಾಸ್ ಎಂಬ ವಂಶಕ್ಕೆ ಸೇರಿದ ಒಂದು ಮೀನು ವಾಸಿಸುತ್ತದೆ. ಇದರ ಹೆಣ್ಣುಗಳು ಹಳದಿ ಬಣ್ಣದವು; ನೆಲೆಗೆ ಯಜಮಾನನಾದ ಗಂಡಾದರೋ, ನೀಲಿಯ ತಲೆ, ಹಸುರಿನ ಮೈ, ಇವೆರಡರ ನಡುವೆ ಕಪ್ಪು ಬಿಳುಪಿನ ಪಟ್ಟೆಗಳನ್ನು ತಳೆದು, ದೂರದಿಂದಲೇ ತನ್ನ ಅಧಿಕಾರವನ್ನು ಸಾರುತ್ತ ಸಂಚರಿಸುತ್ತದೆ. (ಹಳದಿಯವುಗಳ ನಡುವೆ ಕೆಲವು ಗಂಡುಗಳೂ ಅಡಗಿರುವುದುಂಟು, ಅದು ಬೇರೆಯೇ ಕಥೆ.) ಈ ಯಜಮಾನನನ್ನು ದೊಡ್ಡ ಮೀನೊಂದು ನುಂಗಿದರೆ, ಅಥವಾ ಸಂಶೋಧಕನೊಬ್ಬನು ಬಲೆಯಲ್ಲಿ ಹಿಡಿದು ದೂರ ಒಯ್ದರೆ, ಉಳಿದ ಹೆಣ್ಣುಗಳಲ್ಲಿ ಎಲ್ಲಕ್ಕಿಂತ ಹಿರಿದಾದುದು ಅಂದೇ, ಒಮ್ಮೊಮ್ಮೆ ಕೆಲವೇ ನಿಮಿಷಗಳಲ್ಲಿ, ಗಂಡಿನ ನಡೆವಳಿಕೆಯನ್ನು ಕೈಕೊಂಡು, ಮಿಕ್ಕ ಹೆಣ್ಣುಗಳನ್ನು ಓಲೈಸತೊಡಗುತ್ತದೆ. ಎಂಟು ಹತ್ತು ದಿನಗಳು ಕಳೆಯುವಷ್ಟರಲ್ಲಿ ಅದರ ಅಂಡಾಶಯವು ಕರಗಿ, ಅದೇ ಎಡೆಯಲ್ಲಿ ವೃಷಣವು ರೂಪುಗೊಂಡು, ನಿನ್ನೆಯ ತಾಯಿ ಇಂದು ತಂದೆಯಾಗಲು ಸಮರ್ಥವಾಗಿರುತ್ತದೆ.

ಇದು ಒಂದು ಮೀನಿನ ವಿಚಿತ್ರವಲ್ಲ. ವಯಸ್ಸಿಗೆ ಬಂದ ಮೇಲೆ ಲಿಂಗವನ್ನು ಬದಲಿಸತಕ್ಕ ಮೀನಿನ ಜಾತಿಗಳು ಸುಮಾರು 500 ಇವೆಯೆಂದು ಜೀವಶಾಸ್ತ್ರಜ್ಞರು ಎಣಿಸಿದ್ದಾರೆ. ನಮ್ಮ ಕರಾವಳಿಯ ಮೀನುಪೇಟೆಗೆ ಬರುವ ಮುರು ಮೀನಿನ ಬಳಗವೂ ಬಹುಮಟ್ಟಿಗೆ ಮೊದಲು ಹೆಣ್ಣಾಗಿದ್ದು ಬೆಳೆದ ತರುವಾಯ ಗಂಡಾಗುವಂಥದೇ. 1972ರಲ್ಲಿ ರಾಬರ್ಟ್‌ಸನ್ ಎಂಬ ವಿಜ್ಞಾನಿಯು ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ, ಇತರ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ಪುಟ್ಟ ರಾಸ್ ಮೀನೊಂದನ್ನು ಪರಿಶೀಲಿಸಿ, ಗಂಡು ಇರುವಷ್ಟು ಕಾಲ ಹೆಣ್ಣುಗಳ ರೂಪಾಂತರಕ್ಕೆ ಅದರ ಪ್ರಾಬಲ್ಯವೇ ತಡೆಯಾಗಿರುವುದನ್ನು ತೋರಿಸಿದನು. ವಂಶವಾಹಿಗಳ ಕೈಯಲ್ಲೇ ಇದೆಯೆಂದು ನಾವು ಭಾವಿಸುವ ವಿಷಯವನ್ನು ಇಲ್ಲಿ ನೆರೆಹೊರೆಯೇ ನಿರ್ಧರಿಸುತ್ತದೆ.

ನಮ್ಮ ಪುರಾಣಗಳಿಗೆ ಇಂತಹ ರೂಪಾಂತರಗಳು ಅಪರಿಚಿತವಲ್ಲ. ಆದರೆ ಕುತೂಹಲದ ಸಂಗತಿಯೆಂದರೆ, ಪುರಾಣಕಾರರು ನಿಮಿತ್ತವನ್ನು ಹೇಳದೆ ಯಾರನ್ನೂ ಬದಲಾಯಿಸಲಿಲ್ಲ: ಸುದ್ಯುಮ್ನನು ಇಳೆಯಾದುದು ನಿಷಿದ್ಧವಾದ ವನವನ್ನು ಹೊಕ್ಕುದರಿಂದ, ಶಿಖಂಡಿಗೆ ಪುರುಷತ್ವವು ದೊರೆತುದು ಯಕ್ಷನೊಬ್ಬನ ಅನುಗ್ರಹದಿಂದ. ಮೀನಿನ ವಿಷಯದಲ್ಲಿಯೂ ಪ್ರಶ್ನೆ ಇದೇ. ಯಜಮಾನನು ಇಲ್ಲವಾದನೆಂಬುದು ಕಣ್ಣಿಗೆ ಕಂಡ ಸುದ್ದಿ. ಆ ಸುದ್ದಿಯನ್ನು ಕಣ್ಣಿನಿಂದ ಅಂಡಾಶಯದವರೆಗೆ ಕೊಂಡೊಯ್ಯುವ ದೂತನು ಯಾರು?

ಈಚಿನ ವರ್ಷಗಳಲ್ಲಿ ಅನೇಕರ ಅನುಮಾನವು ಕಾರ್ಟಿಸಾಲ್ ಎಂಬ ಹಾರ್ಮೋನಿನ ಮೇಲೆ ಹರಿದಿದೆ. ನಮ್ಮಲ್ಲಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿಯಿಂದ ಸ್ರವಿಸುವ ಈ ರಸವು ಮೀನುಗಳಲ್ಲಿ ಮೂತ್ರಪಿಂಡದ ಮುಂಭಾಗದಲ್ಲಿ ಚದರಿರುವ ಜೀವಕೋಶಗಳಿಂದ ಹುಟ್ಟುತ್ತದೆ. ಭಯ, ಜಗಳ, ಹಸಿವು, ನೀರಿನ ಬಿಸಿಯೇರಿಕೆ, ಇವುಗಳಲ್ಲಿ ಯಾವುದೊಂದು ಒದಗಿದರೂ ಮಿದುಳಿನಿಂದ ಪಿಟ್ಯುಟರಿಗೆ, ಅಲ್ಲಿಂದ ಈ ಕೋಶಗಳಿಗೆ ಅಪ್ಪಣೆಯಾಗಿ, ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ಇದನ್ನು ಒತ್ತಡದ ಹಾರ್ಮೋನೆಂದು ಕರೆಯುವ ರೂಢಿಯಿದೆಯಾದರೂ, ಕೂಡಿಟ್ಟ ಶಕ್ತಿಯನ್ನು ಸಮಯಕ್ಕೆ ಸರಿಯಾಗಿ ಹೊರತೆಗೆದು ಕೊಡುವ ಉಗ್ರಾಣಿಯೆಂದರೆ ಅದರ ಸ್ವಭಾವಕ್ಕೆ ಹೆಚ್ಚು ಒಪ್ಪುವುದೆಂದು ನನ್ನ ಎಣಿಕೆ.

ಅಂಡಾಶಯವು ಅಂಡಾಶಯವಾಗಿ ಉಳಿಯಬೇಕಾದರೆ ಅರೋಮಟೇಸ್ ಎಂಬ ಕಿಣ್ವವು ಎಡೆಬಿಡದೆ ಈಸ್ಟ್ರೋಜನ್ನನ್ನು ತಯಾರಿಸುತ್ತಿರಬೇಕು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ತಂಡವೊಂದು 2019ರಲ್ಲಿ ನೀಲಿತಲೆಯ ರಾಸ್ ಮೀನಿನ ಪರಿವರ್ತನೆಯನ್ನು ಹಂತಹಂತವಾಗಿ ಪರೀಕ್ಷಿಸಿ, ಮೊಟ್ಟಮೊದಲು ಆರಿಹೋಗುವುದು ಈ ಅರೋಮಟೇಸಿನ ದೀಪವೇ ಎಂಬುದನ್ನೂ, ಅದೇ ವೇಳೆಗೆ ಕಾರ್ಟಿಸಾಲಿಗೆ ಸಂಬಂಧಿಸಿದ ವಂಶವಾಹಿಗಳ ಚಟುವಟಿಕೆಯು ಬದಲಾಗುವುದನ್ನೂ ಪ್ರಕಟಿಸಿತು. ಆ ದೀಪವನ್ನು ಆರಿಸುವ ಕೈ ಕಾರ್ಟಿಸಾಲಿನದೇ ಇರಬಹುದೆಂಬುದು ಅವರ ಊಹೆ.

ಇನ್ನೊಂದು ದಾರಿ ಇದಕ್ಕಿಂತಲೂ ಸ್ವಾರಸ್ಯವಾದುದು. ಮೀನುಗಳ ಗಂಡುತನಕ್ಕೆ ಮುಖ್ಯಾಧಾರವಾದ ಹಾರ್ಮೋನು 11-ಕೀಟೋಟೆಸ್ಟೋಸ್ಟೆರಾನ್. ಕಾರ್ಟಿಸಾಲ್ ಮಿತಿಮೀರಿದಾಗ ಅದನ್ನು ನಿರುಪದ್ರವಿಯಾದ ಕಾರ್ಟಿಸೋನ್ ಆಗಿ ಮಾರ್ಪಡಿಸಲೆಂದು ದೇಹವು ಒಂದು ಕಿಣ್ವವನ್ನು ಹೆಚ್ಚು ಹೆಚ್ಚಾಗಿ ಸಿದ್ಧಪಡಿಸುತ್ತದಷ್ಟೆ. ಆ ಗಂಡು ಹಾರ್ಮೋನಿನ ತಯಾರಿಕೆಯಲ್ಲಿ ಕೊನೆಯ ಕೆಲಸವನ್ನು ಮಾಡುವುದೂ ಅದೇ ಕಿಣ್ವ. ಮನೆ ಗುಡಿಸಲು ಬಂದವನು ಹೋಗುವಾಗ ಬೀಗವನ್ನೂ ಬದಲಾಯಿಸಿ ಹೋದಂತಾಯಿತು. ಇದು ಬರಿಯ ತರ್ಕವಾಗಿ ಉಳಿದಿಲ್ಲ. ಜಪಾನಿನ ಸಂಶೋಧಕರು ಮತ್ತೊಂದು ಬಗೆಯ ರಾಸ್ ಮೀನಿಗೆ ಕಾರ್ಟಿಸಾಲನ್ನೇ ನೀಡಿದಾಗ ಕೆಲವು ಹೆಣ್ಣುಗಳ ಅಂಡಾಶಯವು ವೃಷಣವಾಗಿ ಮಾರ್ಪಟ್ಟಿತು.

ಲಿಂಗವನ್ನು ಬದಲಿಸದ ಮೀನುಗಳೂ ಈ ಪಕ್ಷಕ್ಕೆ ಸಾಕ್ಷಿ ನುಡಿಯುತ್ತವೆ. ಅರ್ಜೆಂಟೀನದ ಪೆಹೆರ್ರೇ ಮೀನಿನ ಮರಿಗಳನ್ನು 17 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆಳೆಸಿದರೆ ಎಲ್ಲವೂ ಹೆಣ್ಣು, 29 ಡಿಗ್ರಿಯಲ್ಲಿ ಬೆಳೆಸಿದರೆ ಎಲ್ಲವೂ ಗಂಡು. ಬಿಸಿನೀರಿನ ಮರಿಗಳಲ್ಲಿ ಕಾರ್ಟಿಸಾಲ್ ಅಧಿಕವಾಗಿರುತ್ತದೆ. ಜಪಾನಿನ ಮೆಡಾಕ ಮೀನಿನಲ್ಲಿಯಾದರೋ, ಕಾರ್ಟಿಸಾಲಿನ ತಯಾರಿಕೆಯನ್ನು ಔಷಧದಿಂದ ತಡೆದಾಗ ಬಿಸಿನೀರೂ ಹೆಣ್ಣನ್ನು ಗಂಡಾಗಿಸಲಾರದೆ ಹೋಯಿತು.

ಇಷ್ಟರಿಂದಲೇ ವ್ಯಾಜ್ಯವು ತೀರ್ಮಾನವಾಯಿತೆಂದು ಹೇಳುವುದು ಆತುರವಾದೀತು. ಸಮುದ್ರಹೂವಿನ ಮಡಿಲಲ್ಲಿ ಬಾಳುವ ಕೋಡಂಗಿ ಮೀನಿನ ರೀತಿಯು ಇದಕ್ಕೆ ಪೂರ್ಣ ವಿರುದ್ಧವಾದುದು: ಅಲ್ಲಿ ಹೆಣ್ಣೇ ಒಡತಿ, ಅವಳು ಅಳಿದರೆ ಅವಳ ಗಂಡನೇ ಹೆಣ್ಣಾಗುತ್ತಾನೆ. ಅರೋಮಟೇಸನ್ನು ಆರಿಸುವ ರಸವೇ ಅಲ್ಲಿ ಅದನ್ನು ಹೊತ್ತಿಸುವುದು ಹೇಗೆ? ಮತ್ತೂ ಒಂದು ತೊಡಕುಂಟು. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಂಡಾಶಯವನ್ನೇ ಕತ್ತರಿಸಿ ತೆಗೆದ ನೀಲಿತಲೆಯ ರಾಸ್ ಹೆಣ್ಣುಗಳೂ ಯಜಮಾನನು ಮರೆಯಾದೊಡನೆ ಗಂಡಿನಂತೆ ವರ್ತಿಸಿದವು. ಎಂದರೆ ಮಿದುಳು ಗ್ರಂಥಿಗಾಗಿ ಕಾಯುವುದಿಲ್ಲ. ಅಲ್ಲದೆ, ದಿನವೂ ಪೆಟ್ಟು ತಿನ್ನುವ ಕೆಳಗಿನ ದರ್ಜೆಯ ಹೆಣ್ಣುಗಳಿಗೆ ಕಳವಳವು ಕಡಮೆಯೇನೂ ಇರಲಾರದು. ಆದರೂ ರೂಪಾಂತರವನ್ನು ಹೊಂದುವುದು ಅವುಗಳಲ್ಲ, ಮೇಲೆ ಯಾರೂ ಇಲ್ಲದ ಹಿರಿಯ ಹೆಣ್ಣು. ಆದುದರಿಂದ, ಕಾರ್ಟಿಸಾಲಿನ ಕೈವಾಡವಿದೆಯೆಂದಾದರೆ, ಅದು ದೀರ್ಘಕಾಲದ ದುಃಖದ ಮೂಲಕವಲ್ಲ, ಅಧಿಕಾರವು ಕೈಬದಲಾಗುವ ಆ ಅಲ್ಪಕಾಲದ ತಳಮಳದ ಮೂಲಕ ಎಂದು ನನಗೆ ತೋರುತ್ತದೆ.

ಆ ಅಲ್ಪಕಾಲವನ್ನು ಅಳೆಯುವುದೇ ಕಷ್ಟ. ರಕ್ತವನ್ನು ತೆಗೆಯಲು ಮೀನನ್ನು ಹಿಡಿಯಬೇಕು. ಹಿಡಿದೊಡನೆ ಅದು ಗಾಬರಿಗೊಂಡು ಕಾರ್ಟಿಸಾಲ್ ಏರುತ್ತದೆ. ಆಮೇಲೆ ದೊರೆತ ಅಂಕಿ ಮೀನಿನ ಸಂಸಾರದ್ದೋ ನಮ್ಮ ಬಲೆಯದೋ ಹೇಳುವವರಾರು? ಕ್ಯಾಲಿಫೋರ್ನಿಯದ ಕಡಲಿನ, ನೀಲಿ ಪಟ್ಟೆಗಳುಳ್ಳ ಗೋಬಿ ಎಂಬ ಕಿರುಮೀನನ್ನು ಅಭ್ಯಸಿಸುವವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅವರು ಅದರ ಮೈಗೆ ಸೂಜಿಯನ್ನು ತಾಗಿಸುವುದಿಲ್ಲ. ಸಮುದ್ರದ ನೀರನ್ನು ತುಂಬಿದ ಸಣ್ಣ ಗಾಜಿನ ಪಾತ್ರೆಯಲ್ಲಿ ಅದನ್ನು ಸ್ವಲ್ಪ ಹೊತ್ತು ಬಿಟ್ಟಿದ್ದು, ಮರಳಿ ಅದರ ಕುಟುಂಬಕ್ಕೆ ಸೇರಿಸಿ, ಅದು ಬಿಟ್ಟುಹೋದ ನೀರನ್ನು ಪರೀಕ್ಷಿಸುತ್ತಾರೆ.