ಮಣ್ಣಿನ ಮಾಳಿಗೆ, ಥರ್ಮಾಕೋಲ್ ಗೋಡೆ

ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆಂದು ಬೆಂಗಳೂರು, ದಾವಣಗೆರೆಗಳಿಂದ ಊರಿಗೆ ಬರುವ ಕುಟುಂಬಗಳಲ್ಲಿ, ದೇವರ ದರ್ಶನವಾದ ಮೇಲೆ ಏಳುವ ಮಾತೊಂದುಂಟು: ಹಿರಿಯರ ಮಾಳಿಗೆ ಮನೆಯನ್ನು ಏನು ಮಾಡುವುದು? ಮಳೆ ಹಿಡಿದರೆ ಸೋರುತ್ತದೆ. ಜಂತೆಗಳಿಗೆ ಗೆದ್ದಲು ಹತ್ತಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯಲ್ಲೆಲ್ಲ ಇದೇ ಪ್ರಶ್ನೆ. ಕೆಡವಿ ಕಾಂಕ್ರೀಟ್ ತಾರಸಿ ಹಾಕುವುದೊಂದೇ ದಾರಿಯೆಂದು ತಿಳಿದವರಿಗೆ ಈಗ ಇನ್ನೊಂದು ದಾರಿಯೂ ಕಾಣಿಸಿದೆ. ಎರಡು ತಗಡುಗಳ ಅಥವಾ ಸಿಮೆಂಟು ಹಲಗೆಗಳ ನಡುವೆ ಥರ್ಮಾಕೋಲ್ ತುಂಬಿದ ಪ್ಯಾನೆಲ್ಲುಗಳನ್ನು ಜೋಡಿಸಿ ನಿಲ್ಲಿಸುವ ಮನೆ ಅದು.

ಹಳೆಯದನ್ನು ಹಗುರವಾಗಿ ಕಾಣುವಂತಿಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತೆ, ಜಂತೆಯ ಮೇಲೆ ಸೀಳುಗಟ್ಟಿಗೆ ಮತ್ತು ಸೊಪ್ಪು. ಅದರ ಮೇಲೆ ಒಂದು ಅಡಿಯವರೆಗೂ ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಬೆಳೆಗೆ ಬಾರದ ಈ ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಕಣಗಳು ಉಬ್ಬಿ, ಚದುರಿ, ರಂಧ್ರಗಳನ್ನು ತಾವೇ ಮುಚ್ಚಿಬಿಡುತ್ತವೆ. ರಸಾಯನಶಾಸ್ತ್ರವನ್ನೋದದ ಒಕ್ಕಲಿಗನು ಹೊಲಕ್ಕೆ ಶತ್ರುವಾದುದನ್ನು ಮನೆಗೆ ಮಿತ್ರನನ್ನಾಗಿ ಮಾಡಿಕೊಂಡದ್ದು ಸಾಮಾನ್ಯವಾದ ಜಾಣ್ಮೆಯಲ್ಲ. ಆದರೆ ಪ್ರತಿ ವರ್ಷವೂ ಮುಂಗಾರಿಗೆ ಮುಂಚೆ ಹೊಸ ಮಣ್ಣು ಹೊರಿಸಬೇಕು. ಮಕ್ಕಳೆಲ್ಲರೂ ಪಟ್ಟಣ ಸೇರಿದ ಮೇಲೆ ಹೊರಿಸುವವರು ಯಾರು?

ಖರ್ಚಿನ ಲೆಕ್ಕವನ್ನು ಊರೂರಿಗೆ ಬದಲಾಗುವ ದರಗಳಿಂದ ಮಾಡುವುದಕ್ಕಿಂತ ಸಾಮಗ್ರಿಯ ಲೆಕ್ಕದಿಂದ ಮಾಡುವುದು ಲೇಸು. ಒಂದು ಚದರ, ಎಂದರೆ 100 ಚದರಡಿ ಛಾವಣಿಯನ್ನು ತೆಗೆದುಕೊಳ್ಳಿ. ಒಂದಡಿಗೊಂದರಂತೆ 4 ಅಂಗುಲ ಅಗಲ, 3 ಅಂಗುಲ ದಪ್ಪದ ಹನ್ನೊಂದು ಜಂತೆ, ಒಂದು ತೊಲೆ—ಇಷ್ಟಕ್ಕೇ ಸುಮಾರು 12 ಘನ ಅಡಿ ಮರ ಬೇಕು. ಕಂಬ, ಬೋದಿಗೆಗಳು ಬೇರೆ. ಊರಿನ ಬೇವು, ಜಾಲಿ, ಕಮರಗಳಿಂದ ನಡೆದುಹೋಗುತ್ತಿದ್ದ ಈ ಕೆಲಸಕ್ಕೆ ಇಂದು ಸಾಗುವಾನಿ ಕೊಳ್ಳಹೊರಟರೆ ಮಧ್ಯಮ ವರ್ಗದ ಕೈಗೆ ಅದು ಎಟುಕದು. ಅಷ್ಟೇ ಜಾಗಕ್ಕೆ ಐದಂಗುಲದ ಕಾಂಕ್ರೀಟು ಹಾಕುವುದಾದರೆ ಒಂಬತ್ತು ಹತ್ತು ಮೂಟೆ ಸಿಮೆಂಟು, ಸುಮಾರು ಒಂದು ಕ್ವಿಂಟಲ್ ಕಬ್ಬಿಣ ಬೇಕು.

ತೂಕದ ವ್ಯತ್ಯಾಸ ಇನ್ನೂ ಸ್ವಾರಸ್ಯವಾದುದು. ಒಂದು ಚದರದ ಮೇಲಿನ ಒಂದಡಿ ಮಣ್ಣು ನಾಲ್ಕೂವರೆ ಟನ್ ತೂಗುತ್ತದೆ. ಕಾಂಕ್ರೀಟು ಮೂರು ಟನ್. ಎರಡಂಗುಲದ ತಗಡಿನ ಪ್ಯಾನೆಲ್ಲು ಸುಮಾರು ಒಂದು ಕ್ವಿಂಟಲ್ ಮಾತ್ರ! ಹಾಗಾದರೆ ತಳಪಾಯದಲ್ಲಿ ಉಳಿತಾಯವಾಯಿತೆಂದು ಹಿಗ್ಗುವವರು ಕಾಲಕೆಳಗಿನ ನೆಲವನ್ನು ನೋಡಬೇಕು. ಕೆಂಪು ಮಣ್ಣಿನ ಗಟ್ಟಿ ನೆಲದಲ್ಲಿ ಉಳಿತಾಯ ನಿಜ. ಎರೆನೆಲದಲ್ಲಿ ಮಾತ್ರ ಮಣ್ಣು ಮಳೆಗೆ ಉಬ್ಬಿ, ಬೇಸಗೆಗೆ ಬಿರಿಯುತ್ತದೆ. ಹಗುರವಾದ ಮನೆಯನ್ನು ಅದು ಸುಲಭವಾಗಿ ಎತ್ತಿಬಿಡುತ್ತದೆ. ಅಲ್ಲಿ ಮನೆ ಹಗುರವಿರಲಿ, ಭಾರವಿರಲಿ, ಪಾಯವನ್ನು ಗಟ್ಟಿ ನೆಲದವರೆಗೆ ಇಳಿಸದೆ ಗತ್ಯಂತರವಿಲ್ಲ.

ಇನ್ನು ಸೆಕೆಯ ಮಾತು. ಶಾಖವನ್ನು ತಡೆಯುವುದರಲ್ಲಿ ಎರಡಂಗುಲದ ಥರ್ಮಾಕೋಲಿಗೆ ಒಂದಡಿ ಮಣ್ಣು ಸಾಟಿಯಲ್ಲ. ಅದಕ್ಕೆ ಮೂರು ನಾಲ್ಕು ಪಟ್ಟು ಮಣ್ಣು ಬೇಕು. ಕಾಂಕ್ರೀಟು ಈ ಮೂವರಲ್ಲಿ ಕಡೆಯದು. 40 ಡಿಗ್ರಿ ದಾಟುವ ಈ ಸೀಮೆಯ ಬೇಸಗೆಯಲ್ಲಿ ತಾರಸಿ ಮನೆಯವರು ರಾತ್ರಿ ಅಂಗಳದಲ್ಲಿ ಮಲಗುವುದೇಕೆಂಬುದು ಇದರಿಂದ ತಿಳಿಯುತ್ತದೆ. ಆದರೆ ಮಣ್ಣಿಗೆ ಇನ್ನೊಂದು ಗುಣವಿದೆ: ಹಗಲಿನ ಕಾವನ್ನು ತನ್ನ ಭಾರದಲ್ಲಿ ಹೀರಿಟ್ಟುಕೊಂಡು, ಹೊತ್ತು ಮುಳುಗಿದ ಬಳಿಕ ನಿಧಾನವಾಗಿ ಬಿಡುವುದು. ಪ್ಯಾನೆಲ್ಲಿಗೆ ಆ ತಾಳ್ಮೆಯಿಲ್ಲ. ಮಧ್ಯಾಹ್ನ ಬಾಗಿಲು ತೆರೆದೊಡನೆ ಹೊರಗಿನ ಬಿಸಿಗಾಳಿಯೇ ಒಳಗಿನ ಗಾಳಿಯಾಗುತ್ತದೆ.

ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆಗಿಂತ ಪ್ಯಾನೆಲ್ ಮನೆಯ ಸಾಮಗ್ರಿಗೆ ಹೆಚ್ಚು ಬೆಲೆಯಾದರೂ ಕೂಲಿಯ ದಿನಗಳು ಕಡಮೆ. ಚಳಿಗಾಲದಲ್ಲಿ ಮನೆ ಕಾಯಿಸುವ ಖರ್ಚಿನಲ್ಲಿ ಉಳಿದುದನ್ನೂ ವರ್ಷವರ್ಷ ಮರಳಿ ಪಡೆಯುತ್ತಾರೆ. ಆ ಲೆಕ್ಕವನ್ನು ಕೊಟ್ಟೂರಿಗೆ ಹಾಗೆಯೇ ತರುವುದು ಸಲ್ಲದು. ಇಲ್ಲಿ ಮನೆ ಕಾಯಿಸುವ ಖರ್ಚೇ ಇಲ್ಲ. ಇಂದೂರಿನಲ್ಲಿ 2021ರಲ್ಲಿ ಅಡಿಗಲ್ಲಿಟ್ಟ ಸರ್ಕಾರಿ ಯೋಜನೆಯೊಂದರಲ್ಲಿ ಇಂಥ ಪ್ಯಾನೆಲ್ಲುಗಳಿಂದ 1,024 ಮನೆಗಳಾದುವು. ಸಾವಿರ ಮನೆಗೆ ಹಂಚಿಹೋಗುವ ಲಾರಿ ಬಾಡಿಗೆ, ಕುಶಲ ಕೆಲಸಗಾರರ ವೆಚ್ಚ ಇಲ್ಲಿ ಒಂದೇ ಮನೆಯ ತಲೆಗೆ ಬೀಳುತ್ತದೆ.

ಹಲಗೆ ಮನೆಯ ಕನಸು ನಮ್ಮ ದೇಶಕ್ಕೆ ಹೊಸದೂ ಅಲ್ಲ. 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದ ಆಟೋ ಕೋನಿಗ್ಸ್‌ಬರ್ಗರ್ ಅವರು 1948ರಲ್ಲಿ ದೆಹಲಿಗೆ ಹೋಗಿ, ನಿರಾಶ್ರಿತರಿಗಾಗಿ ಕಾರ್ಖಾನೆಯಲ್ಲೇ ಮನೆ ತಯಾರಿಸುವ ಯೋಜನೆಯನ್ನು ಕೈಗೊಂಡರು. ನೊರೆ ಕಾಂಕ್ರೀಟಿನ ಆ ಹಲಗೆಗಳು ಬಿರುಕು ಬಿಟ್ಟುವು, ಯೋಜನೆ ಮುರಿದುಬಿತ್ತು, 1951ರಲ್ಲಿ ಅವರು ಭಾರತವನ್ನೇ ಬಿಟ್ಟರು. ಇಂದಿನ ಪ್ಯಾನೆಲ್ಲುಗಳು ಅವುಗಳಿಗಿಂತ ಎಷ್ಟೋ ಮೇಲು. ಆದರೂ ಥರ್ಮಾಕೋಲ್ ಬೆಂಕಿಗೆ ಅಂಜುವ ವಸ್ತು. ಕೊಳ್ಳುವಾಗ ಬೆಂಕಿ ಹತ್ತದಂತೆ ಸಂಸ್ಕರಿಸಿದ್ದೇ ಎಂದು ಕೇಳಲೇಬೇಕು.

ಗೋಡೆಗಳು ಇನ್ನೂ ನೆಟ್ಟಗಿದ್ದು ತೊಲೆಗಳು ಗಟ್ಟಿಯಾಗಿದ್ದರೆ, ಇಡೀ ಮನೆಯನ್ನು ಕೆಡಹುವ ಬದಲು ಮೇಲಿನ ಮಣ್ಣನ್ನಷ್ಟೇ ಇಳಿಸಿ ಪ್ಯಾನೆಲ್ಲು ಹೊದಿಸುವುದು ಯೋಚಿಸತಕ್ಕ ಮಾತು. ಟನ್ನುಗಟ್ಟಲೆ ಭಾರ ಇಳಿದು ಹಳೆಯ ಮರದ ಆಯುಸ್ಸು ಹೆಚ್ಚುತ್ತದೆ. ದಪ್ಪ ಗೋಡೆಯ ತಂಪು ಉಳಿಯುತ್ತದೆ. ವರ್ಷವರ್ಷದ ಕರಲು ಮಣ್ಣಿನ ಕೂಲಿ ತಪ್ಪುತ್ತದೆ. ಕೆಲಸಕ್ಕೆ ಕೈಹಚ್ಚುವ ಮುನ್ನ ಗೆದ್ದಲು ತಿಂದ ಜಂತೆಗಳನ್ನು ಬದಲಿಸಬೇಕು. ಮಣ್ಣಿನ ಮಾಳಿಗೆ ತನ್ನ ಭಾರದಿಂದಲೇ ನಿಂತಿತ್ತು. ಹಗುರವಾದ ಪ್ಯಾನೆಲ್ಲನ್ನು ಮುಂಗಾರಿಗೆ ಮುಂಚಿನ ಬಿರುಗಾಳಿ ಎತ್ತಿ ಒಗೆಯದಂತೆ ತೊಲೆತೊಲೆಗೂ ಬೋಲ್ಟು ಹಾಕಿ ಬಿಗಿಯಬೇಕು.