ಗಾಳಿ ಜೋರಾಗಿದ್ದರೆ ಸಾಲದು, ದಂಡೆಗೆ ಓರೆಯಾಗಿರಬೇಕು

ಆಷಾಢ ಬಂತೆಂದರೆ ಘನಮಠದ ಊರಾದ ಸಂತೆಕಲ್ಲೂರಿನ ಸುತ್ತ ತಗಡು, ಛತ್ರಿ, ಟೋಪಿ ಯಾವುದೂ ಇಟ್ಟಲ್ಲಿ ಇರುವುದಿಲ್ಲ. ಪಡುವಣದಿಂದ ಹಗಲೂ ರಾತ್ರಿ ಬೀಸುವ ಆ ಒಣಗಾಳಿ ಮೂಲದಲ್ಲಿ ಅರಬ್ಬಿ ಸಮುದ್ರದ್ದು. ಕಾರವಾರದಿಂದ ಇಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಮುಂಗಾರು ಮಾರುತ ಸಹ್ಯಾದ್ರಿ ಹತ್ತುವಾಗಲೇ ಹೊತ್ತು ತಂದ ನೀರನ್ನು ಬಹುಪಾಲು ಸುರಿದುಬಿಟ್ಟು, ಮಸ್ಕಿ, ಲಿಂಗಸುಗೂರಿಗೆ ಬರಿಗೈಯಲ್ಲಿ ಬರುತ್ತದೆ. ಇಂಥ ಗಾಳಿಯನ್ನು ಕಂಡವರು ಒಂದು ಪ್ರಶ್ನೆ ಕೇಳಬಹುದು. ಹಲಗೆಗೆ ಹಾಯಿ ಸಿಕ್ಕಿಸಿ, ಅದರ ಮೇಲೆ ನಿಂತು ನೀರಿನಲ್ಲಿ ಓಡುವ ವಿಂಡ್‌ಸರ್ಫಿಂಗ್ 1984ರಿಂದ ಒಲಿಂಪಿಕ್ಸ್ ಆಟ. ನಮ್ಮ ಕರಾವಳಿ ಸುಮಾರು 320 ಕಿ.ಮೀ. ಉದ್ದವಿದೆ. ಆದರೂ ಇಲ್ಲಿ ಹೆಸರು ಮಾಡಿದ್ದು ಮೂಲ್ಕಿ, ಸಸಿಹಿತ್ಲುಗಳ ಅಲೆ ಸವಾರಿ. ಹಾಯಿ ಹಿಡಿದವರು ರಾಮೇಶ್ವರದ ದಾರಿ ಹಿಡಿಯುತ್ತಾರೆ. ಯಾಕೆ?

ಮುಂಗಾರಿನ ಗಾಳಿ ಬಲವಾದದ್ದು, ಆದರೆ ಬಳಸಲು ಬಾರದ್ದು. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದರ ಜೊತೆಗೆ ಸಾವಿರಾರು ಕಿಲೋಮೀಟರ್ ನೀರಿನ ಮೇಲೆ ಬೆಳೆದು ಬಂದ ಅಲೆಗಳು. ಮೂರು ಮೀಟರ್ ದಾಟುವುದು ಅಪರೂಪವೇನಲ್ಲ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧವಿರುವಾಗ ಒಂದು ಹಲಗೆಯ ಪಾಡೇನು? ಮೇಲಾಗಿ ಗಾಳಿ ಬಹುಮಟ್ಟಿಗೆ ದಂಡೆಯ ಕಡೆಗೇ ನುಗ್ಗುವುದರಿಂದ, ಹೊರಟವರು ಅಲೆ ದಾಟುವ ಮೊದಲೇ ಮರಳಿಗೆ ಬಂದು ಬೀಳುತ್ತಾರೆ. ನಾರಾಯಣಪುರ ಜಲಾಶಯದಲ್ಲಿ ಅಂಥ ಅಲೆಗಳಿಲ್ಲವಲ್ಲ ಎನ್ನುವವರಿಗೆ ಕೃಷ್ಣೆಯ ಮೊಸಳೆಗಳನ್ನು ನೆನಪಿಸಿದರೆ ಸಾಕು.

ಹಾಗಾಗಿ ಜಾಗ ಹುಡುಕಬೇಕಾದದ್ದು ನವೆಂಬರಿನಿಂದ ಮೇ ತಿಂಗಳೊಳಗೆ, ನಿತ್ಯದ ಕಡಲಗಾಳಿಯನ್ನು ನಂಬಿಕೊಂಡು. ಬೆಳಗ್ಗೆ ತಂಪಾದ ನೆಲದಿಂದ ಕಡಲಿಗೆ ಮೂಡಗಾಳಿ ಇರುತ್ತದೆ. ದಂಡೆಯ ಹತ್ತಿರ ನೀರು ಗಾಜಿನಂತೆ ಕಾಣುತ್ತದೆ, ಹೊಸಬರು ಮರುಳಾಗುವುದು ಇಲ್ಲೇ. ಅಲೆ ಏಳಲು ಗಾಳಿಗೆ ನೀರಿನ ಮೇಲೆ ಓಡುವ ದೂರ ಬೇಕು. ದಂಡೆಯ ಬಳಿ ಆ ದೂರವೇ ಇಲ್ಲ. ಸ್ವಲ್ಪ ಆಚೆ ಹೋದರೆ ಅದೇ ಗಾಳಿ ಕಡಲೊಳಕ್ಕೆ ತಳ್ಳುತ್ತದೆ. ಬಿಸಿಲೇರಿ ನೆಲ ಕಾದು, ಅದರ ಮೇಲಿನ ಗಾಳಿ ಮೇಲೆದ್ದಾಗ ಕಡಲಿನ ತಂಪುಗಾಳಿ ಒಳಬರುತ್ತದೆ. ಮೊದಲು ಪಶ್ಚಿಮದಿಂದ ಬರುವ ಅದನ್ನು ಭೂಮಿಯ ತಿರುಗಾಟ ಬಲಕ್ಕೆ ಹೊರಳಿಸುವುದರಿಂದ ಮಧ್ಯಾಹ್ನ ಕಳೆದಂತೆ ಅದು ವಾಯವ್ಯದ ಗಾಳಿಯಾಗುತ್ತದೆ. ದಂಡೆಗೆ ಓರೆ! ಹೋಗಿ ಮರಳಿ ಬರಲು ಇದಕ್ಕಿಂತ ಒಳ್ಳೆಯ ದಿಕ್ಕಿಲ್ಲ.

ದಿಕ್ಕು ಸಿಕ್ಕ ಮೇಲೆ ದಂಡೆಯ ಆಕಾರ ನೋಡಬೇಕು. ಗೋಕರ್ಣದ ಕಡೆಯ ಬಂಡೆಗುಡ್ಡಗಳ ನಡುವಿನ ಸಣ್ಣ ಕೊಲ್ಲಿಗಳು ಚಿತ್ರಕ್ಕೆ ಚೆಂದ, ಹಾಯಿಗಲ್ಲ. ಗುಡ್ಡದ ಎತ್ತರದ ಹತ್ತಾರು ಪಟ್ಟು ದೂರದವರೆಗೆ ಗಾಳಿ ಸುಳಿಸುಳಿಯಾಗಿ ಒಡೆದಿರುತ್ತದೆ. ನನ್ನ ಮೆಚ್ಚುಗೆ ಕೋಡಿಬೆಂಗ್ರೆಗೆ. ಉಡುಪಿಯ ಬಳಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವಲ್ಲಿ ಮರಳಿನ ನಾಲಿಗೆಯೊಂದು ಚಾಚಿಕೊಂಡಿದೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ನದಿ. ಕಡಲಲೆ ಮರಳಿಗೆ ಬಡಿದು ಅಲ್ಲೇ ಮುಗಿಯುತ್ತದೆ, ಗಾಳಿ ಮಾತ್ರ ದಾಟಿ ನದಿಯ ಮೇಲೆ ಹರಿಯುತ್ತದೆ. ನದಿಯ ಮಗ್ಗುಲಲ್ಲಿ ನಿಂತು ನೋಡಿದರೆ ಮರಳಿನಂಚಿನ ನೀರು ಸಪಾಟು, ನಾಲ್ಕು ಮಾರು ಆಚೆ ನಿರಿಗೆ, ಇನ್ನೂ ಆಚೆ ಸಣ್ಣ ತೆರೆ. ಗಾಳಿಯ ಹೊಡೆತ ಬಂದಾಗಲೆಲ್ಲ ಕಪ್ಪು ಮಚ್ಚೆಯೊಂದು ನೀರಿನ ಮೇಲೆ ಸರಸರ ಓಡುತ್ತದೆ.

ಜೋರು ಅಳೆಯಲು ಯಂತ್ರವೇ ಬೇಕೆಂದಿಲ್ಲ. ಫ್ರಾನ್ಸಿಸ್ ಬ್ಯೂಫೋರ್ಟ್ 1805ರ ಹೊತ್ತಿಗೆ ರೂಪಿಸಿದ ಗಾಳಿಯ ಮಾಪನ ಹುಟ್ಟಿದ್ದೇ ಯುದ್ಧನೌಕೆ ಎಷ್ಟು ಹಾಯಿ ತಾಳಬಲ್ಲದು ಎಂಬ ಲೆಕ್ಕದಿಂದ. ಅದರ ನಾಲ್ಕನೇ ಮಟ್ಟದಲ್ಲಿ, ಅಂದರೆ 11ರಿಂದ 16 ನಾಟ್ ಗಾಳಿಗೆ, ತೆರೆಗಳ ನೆತ್ತಿಯಲ್ಲಿ ಬಿಳಿ ನೊರೆ ಧಾರಾಳವಾಗಿ ಕಾಣುತ್ತದೆ. ಹಲಗೆ ನೀರು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ. ನಮ್ಮ ಕಡಲಗಾಳಿ ದಿನವೂ ಅಷ್ಟು ಮುಟ್ಟುವುದಿಲ್ಲ, ಹಾಗಾಗಿ ದೊಡ್ಡ ಹಾಯಿ ಬೇಕು. ರಾಮೇಶ್ವರ ಗೆಲ್ಲುವುದು ಇಲ್ಲೇ. ಭಾರತ, ಶ್ರೀಲಂಕಾಗಳ ನಡುವಿನ ಕಿಂಡಿಯಲ್ಲಿ ಎರಡೂ ಮಾನ್ಸೂನ್‌ಗಳ ಗಾಳಿ ಇಕ್ಕಟ್ಟಿಗೆ ಸಿಕ್ಕು ವೇಗ ಪಡೆಯುತ್ತದೆ, ನೀರೂ ಆಳವಿಲ್ಲ.

ಕೋಡಿಬೆಂಗ್ರೆಯಲ್ಲಿ ಇನ್ನೊಂದು ತೊಡಕುಂಟು. ಮನೆ, ತೆಂಗುಗಳ ಮರೆಯಲ್ಲಿ ಗಾಳಿ ಕದಡುತ್ತದೆ. ಶುದ್ಧ ಗಾಳಿ ಸಿಗುವುದು ಬೋಳು ತುದಿಯಲ್ಲಿ. ಆದರೆ ತುದಿಯೆಂದರೆ ಅಳಿವೆಯ ಬಾಯಿ; ಇಳಿತದ ಹೊತ್ತಿನಲ್ಲಿ ನದಿ, ಉಬ್ಬರದ ನೀರು ಎರಡೂ ಸೇರಿ ಹೊರಕ್ಕೆ ಸೆಳೆಯುತ್ತವೆ, ಎದುರುಗಾಳಿಗೆ ಅಲೆಗಳು ಕಡಿದಾಗಿ ನಿಲ್ಲುತ್ತವೆ. ಇಲ್ಲಿ ಪಂಚಾಂಗ ನೋಡುವುದು ಲೇಸು. ಹುಣ್ಣಿಮೆ, ಅಮಾವಾಸ್ಯೆಗಳಂದು ಈ ಕರಾವಳಿಯಲ್ಲಿ ಉಬ್ಬರ ತುಂಬುವುದು ನಡುಹಗಲಿನ ಆಸುಪಾಸು. ಕಡಲಗಾಳಿ ಬಲಿಯುವ ಹೊತ್ತಿಗೆ ಸರಿಯಾಗಿ ನೀರು ಹೊರಗೆ ಓಡತೊಡಗುತ್ತದೆ, ಸೆಳೆತವೂ ಆಗಲೇ ಹೆಚ್ಚು. ಅಷ್ಟಮಿಯ ಸುತ್ತಮುತ್ತ ಉಬ್ಬರ ಸಣ್ಣದು, ಅದು ತುಂಬುವುದು ಸಂಜೆಗೆ. ಆದ್ದರಿಂದ ಮಧ್ಯಾಹ್ನದ ಗಾಳಿಯಲ್ಲಿ ಮುಗ್ಗರಿಸಿ ಬಿದ್ದವರನ್ನು ನೀರು ಒಳಕ್ಕೇ ತಳ್ಳುತ್ತದೆ.